ಜವಾನರು ಒಪ್ಪಿದ ನಾಯಕನನ್ನು ಸೆಲೆಕ್ಷನ್ ಬೋರ್ಡ್ ಏಕೆ ಒಪ್ಪಲಿಲ್ಲ?

ಓದುಗರ ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ ಸೇನೆಯ ಎಂಜಿನಿಯರ್ಸ್ ದಳದಲ್ಲಿ ಲೆಫ್ಟಿನೆಂಟ್ ಕರ್ನಲ್. ಸೇವೆಗೆ 17 ವರ್ಷ ತುಂಬಿದೆ. ಕರ್ನಲ್ ಹುದ್ದೆಯ ಮೊದಲ ಬೋರ್ಡ್‌ನಲ್ಲಿ ಅವನ ಹೆಸರು ಬರಲಿಲ್ಲ. ಅವನ ಕಂಪನಿಯಲ್ಲಿದ್ದ ಜವಾನರು ರಜೆಗೆ ಬಂದಾಗ ಈಗಲೂ ನಮ್ಮ ಮನೆಗೆ ಬಂದು ಹೋಗುತ್ತಾರೆ. ಸಾಹೇಬರು ಹೇಳಿದರೆ ಹಿಂದೆ ಮುಂದೆ ನೋಡುವುದಿಲ್ಲ ಎಂದು ಒಬ್ಬ ಸುಬೇದಾರರು ನನ್ನೆದುರೇ ಹೇಳಿದ್ದರು. ಅವನ ಜೊತೆಯಲ್ಲೇ ಅಕಾಡೆಮಿಯಿಂದ ಹೊರಬಂದ ಇನ್‌ಫೆಂಟ್ರಿಯ ಗೆಳೆಯನಿಗೆ ಮಾತ್ರ ಆಯಿತು. ಆತ ಹೆಚ್ಚು ಕಾಲ ಹೆಡ್‌ಕ್ವಾರ್ಟರ್ಸ್‌ನಲ್ಲೇ ಇದ್ದವನಂತೆ. ದೊಡ್ಡವರ ಕೃಪೆ ಇಲ್ಲದೆ ಮೇಲೇರಲು ಆಗುವುದಿಲ್ಲವೇ? ನಾಯಕತ್ವಕ್ಕೆ ಬೆಲೆಯೇ ಇಲ್ಲವೇ? ಕೋರ್ಟಿಗೆ ಹೋಗಬಹುದೇ? ಮಗ ‘ಬಿಟ್ಟು ಬಂದುಬಿಡುತ್ತೇನೆ’ ಎನ್ನುತ್ತಿದ್ದಾನೆ. ಮೊಮ್ಮಗ ಕೂಡಿಗೆಯ ಸೈನಿಕ ಶಾಲೆಯಲ್ಲಿ ಏಳನೇ ತರಗತಿ. ಅವನನ್ನು ಇದೇ ದಾರಿಗೆ ಕಳುಹಿಸಬೇಕೆ ಎಂಬ ಯೋಚನೆ ಬಂದಿದೆ.

ಉತ್ತರ:

ಮೇಷ್ಟ್ರೇ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನಮ್ಮ ಸೇನೆಯ ಬಡ್ತಿ ನಾಯಕತ್ವವನ್ನು ಅಳೆಯುತ್ತದೆ, ಮೇಲಿನವರ ಕಣ್ಣಿಗೆ ಕಂಡಷ್ಟು. ಕೈಕೆಳಗಿನವರಿಗೆ ಕಂಡದ್ದನ್ನು ಬರೆಯಲು ಆ ಕಡತದಲ್ಲಿ ಜಾಗವೇ ಇಲ್ಲ. ನಿಮ್ಮ ಮನೆ ಬಾಗಿಲಿಗೆ ಬರುವ ಜವಾನರು ಹೇಳುವುದೂ ಸತ್ಯ, ಬೋರ್ಡ್ ಕೊಟ್ಟ ಫಲಿತಾಂಶದಲ್ಲಿ ಮೋಸ ಇರಲೇಬೇಕೆಂದೂ ಇಲ್ಲ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ತಿಳಿಯಬೇಕಾದರೆ ಅಂಕ ಎಲ್ಲಿಂದ ಬರುತ್ತದೆ ಎಂದು ನೋಡಬೇಕು.

ಲೆಫ್ಟಿನೆಂಟ್‌ನಿಂದ ಲೆಫ್ಟಿನೆಂಟ್ ಕರ್ನಲ್‌ವರೆಗೆ ಸ್ಪರ್ಧೆ ಇಲ್ಲ. ಅಜಯ್ ವಿಕ್ರಂ ಸಿಂಗ್ ಸಮಿತಿಯ ಶಿಫಾರಸು 2004ರ ಡಿಸೆಂಬರ್‌ನಲ್ಲಿ ಜಾರಿಯಾದ ಮೇಲೆ 2 ವರ್ಷಕ್ಕೆ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್. ಪಾರ್ಟ್ ಬಿ, ಪಾರ್ಟ್ ಡಿ ಪರೀಕ್ಷೆ ಪಾಸಾಗಿ, ಶಿಸ್ತಿನ ಪ್ರಕರಣ ಇಲ್ಲದಿದ್ದರೆ ಕಾಲವೇ ಬಡ್ತಿ ಕೊಡುತ್ತದೆ. ನಿಜವಾದ ಜರಡಿ ಶುರುವಾಗುವುದು ಕರ್ನಲ್ ಹುದ್ದೆಗೆ. ಅದನ್ನು ನೋಡುವುದು ನಂಬರ್ 3 ಸೆಲೆಕ್ಷನ್ ಬೋರ್ಡ್. ಬ್ರಿಗೇಡಿಯರ್‌ಗೆ ನಂಬರ್ 2, ಮೇಜರ್ ಜನರಲ್‌ಗೆ ನಂಬರ್ 1, ಅದರ ಮೇಲೆ ಸ್ಪೆಷಲ್ ಸೆಲೆಕ್ಷನ್ ಬೋರ್ಡ್. ಒಂದು ಪಲ್ಟನ್‌ಗೆ, ಅಂದರೆ ಬೆಟಾಲಿಯನ್‌ಗೆ, ಒಬ್ಬನೇ ಕಮಾಂಡಿಂಗ್ ಆಫೀಸರ್. ಅಲ್ಲಿಗೆ ಅರ್ಹರಾದ ಲೆಫ್ಟಿನೆಂಟ್ ಕರ್ನಲ್‌ಗಳು ಹಲವರು. ಬೋರ್ಡ್ ದಾಟದವರಲ್ಲಿ ಹೆಚ್ಚಿನವರು ಅಸಮರ್ಥರಲ್ಲ, ಕುರ್ಚಿ ಸಾಲಲಿಲ್ಲ ಅಷ್ಟೇ. ಹಾಗಿದ್ದರೂ ಊರಿನಲ್ಲಿ ಇದನ್ನು ‘ಫೇಲ್’ ಎಂದೇ ಕೇಳಿಸಿಕೊಳ್ಳುತ್ತಾರೆ, ಅಧಿಕಾರಿಯ ಮನೆಯವರಿಗೆ ಹೆಚ್ಚು ನೋವಾಗುವುದೂ ಅಲ್ಲಿಯೇ.

ಬೋರ್ಡ್ ಮುಂದೆ ಬರುವುದು ಮನುಷ್ಯನಲ್ಲ, ಅವನ ಕಡತ. ಸಂದರ್ಶನ ಇರುವುದಿಲ್ಲ. 2009ರ ಜನವರಿಯಿಂದ ಜಾರಿಗೆ ಬಂದ ಅಂಕ ಪದ್ಧತಿಯಲ್ಲಿ 100ರಲ್ಲಿ 95 ಅಂಕ ಕಡತದಿಂದಲೇ ಲೆಕ್ಕವಾಗಿ ಬರುತ್ತಿತ್ತು. ಬೋರ್ಡಿನ ಸದಸ್ಯರು ತಮ್ಮ ವಿವೇಚನೆಯಿಂದ ಕೊಡಬಹುದಾದದ್ದು 5. ಆ 95ರಲ್ಲಿ ಸಿಂಹಪಾಲು ಗೌಪ್ಯ ವರದಿಗೆ, ಅಂದರೆ ಎಲ್ಲರೂ ಸಿಆರ್ ಎನ್ನುವ ಆ ಹಾಳೆಗಳಿಗೆ. ಕೋರ್ಸ್‌ಗಳಿಗೂ ಶೌರ್ಯ ಪದಕಗಳಿಗೂ ಬಹಳ ಸಣ್ಣ ಪಾಲು. ನೀತಿ ಆಗಾಗ ತಿದ್ದುಪಡಿಯಾಗಿದೆ. 2024ರ ಜನವರಿ 1ರಿಂದ ಕರ್ನಲ್ ಮತ್ತು ಅದರ ಮೇಲಿನ ಶ್ರೇಣಿಗಳಿಗೆ ಹೊಸ ಸಮಗ್ರ ನೀತಿ ಬಂದಿದೆ. ನಿಮ್ಮ ಮಗನ ಬೋರ್ಡ್ ಯಾವ ನೀತಿಪತ್ರದಡಿ ನಡೆಯಿತು ಎಂಬುದನ್ನು ಅವರು ಮೊದಲು ಖಚಿತಪಡಿಸಿಕೊಳ್ಳಲಿ. ಮುಂದೆ ಏನೇ ಮಾಡಿದರೂ ಅದರ ಮೇಲೇ ನಿಲ್ಲುತ್ತದೆ.

ಈಗ ಸಿಆರ್. ವರ್ಷಕ್ಕೊಮ್ಮೆ ಬರೆಯುವ ವರದಿ. ಮೊದಲು ಬರೆಯುವವರು ಇನಿಷಿಯೇಟಿಂಗ್ ಆಫೀಸರ್, ಅಂದರೆ ಐಒ. ಕಂಪನಿ ಕಮಾಂಡರ್‌ಗೆ ಸಾಮಾನ್ಯವಾಗಿ ಅವನ ಕಮಾಂಡಿಂಗ್ ಆಫೀಸರ್. ಅವರ ಮೇಲೆ ರಿವ್ಯೂಯಿಂಗ್ ಆಫೀಸರ್, ಅದರ ಮೇಲೆ ಸೀನಿಯರ್ ರಿವ್ಯೂಯಿಂಗ್ ಆಫೀಸರ್. ತಾಂತ್ರಿಕ ದಳಗಳಲ್ಲಿ ಆ ದಳದ ತಾಂತ್ರಿಕ ಸರಪಣಿಯ ಹಿರಿಯ ಅಧಿಕಾರಿಗಳೂ ಬರೆಯುತ್ತಾರೆ. ಬರೆಯುವ ಐಒ ಕೈಕೆಳಗೆ ಅಧಿಕಾರಿ ಕನಿಷ್ಠ 90 ದಿನ ಖುದ್ದಾಗಿ ಕೆಲಸ ಮಾಡಿರಬೇಕು, ರಿವ್ಯೂಯಿಂಗ್ ಆಫೀಸರ್‌ಗೆ 75 ದಿನ. ಅಂಕ 1ರಿಂದ 9. ಒಂಬತ್ತು ಎಂದರೆ ಔಟ್‌ಸ್ಟ್ಯಾಂಡಿಂಗ್, 8 ಮತ್ತು 7 ಅಬೌವ್ ಆವರೇಜ್, 6 ಮತ್ತು 5 ಹೈ ಆವರೇಜ್, 4 ಆವರೇಜ್. ವೈಯಕ್ತಿಕ ಗುಣ, ಮಾಡಿ ತೋರಿಸಿದ ಕೆಲಸ, ಮುಂದಿನ ಶ್ರೇಣಿಗೆ ಬೇಕಾದ ಸಾಮರ್ಥ್ಯ ಎಂದು ಬೇರೆ ಬೇರೆ ಕಾಲಂಗಳು. ಅದರ ಜೊತೆ ಪೆನ್ ಪಿಕ್ಚರ್ ಎಂಬ ನಾಲ್ಕಾರು ಸಾಲಿನ ಬರಹ.

ಕಾಗದದ ಮೇಲೆ ಇದು ಒಳ್ಳೆಯ ಅಳತೆಗೋಲೇ. ಮೂರು ಹಂತದ ಅಧಿಕಾರಿಗಳು, ಹಲವು ವರ್ಷ, ಬೇರೆ ಬೇರೆ ಜಾಗ. ಕೆಡುವುದು ಅಂಕ ಹಾಕುವಾಗ. ನೀವು ಮೌಲ್ಯಮಾಪನ ಮಾಡಿದವರು, ನಿಮಗೆ ಬೇಗ ಅರ್ಥವಾಗುತ್ತದೆ. ಒಬ್ಬ ಮೇಷ್ಟ್ರು ಪ್ರಬಂಧಕ್ಕೆ 20ಕ್ಕೆ 14ರ ಮೇಲೆ ಕೊಟ್ಟವರಲ್ಲ, ಪಕ್ಕದ ಶಾಲೆಯವರು ಎಲ್ಲರಿಗೂ 19 ಹಾಕುತ್ತಾರೆ. ಕಡೆಗೆ ಎರಡೂ ಶಾಲೆಯ ಹುಡುಗರ ಅಂಕ ಒಂದೇ ಪಟ್ಟಿಗೆ ಹೋದರೆ ಯಾರು ಮುಳುಗಿದರು? ಸೇನೆಯಲ್ಲಿ ಇದೇ ಆಗಿದೆ. ತಾನು ಪ್ರಾಮಾಣಿಕವಾಗಿ 7 ಹಾಕಿದರೆ ಬೇರೆಯವರ 9ರ ಮುಂದೆ ತನ್ನ ಹುಡುಗ ಸಾಯುತ್ತಾನೆ ಎಂದು ಪ್ರತಿ ಐಒಗೂ ಗೊತ್ತು. ಹಾಗಾಗಿ ಎಲ್ಲರೂ 8, 9ರಲ್ಲೇ ಬರೆಯುತ್ತಾರೆ. 9 ಅಂಕದ ಕೋಲಿನಲ್ಲಿ ಬಳಕೆಯಲ್ಲಿ ಉಳಿದದ್ದು ಮೇಲಿನ ಎರಡು ಗೆರೆ. ನಿಯಮದ ಪ್ರಕಾರ 7 ‘ಸರಾಸರಿಗಿಂತ ಮೇಲು’, ವಾಸ್ತವದಲ್ಲಿ ಅದು ಹೊಡೆತ.

ಒಂದು ಲೆಕ್ಕ ಮಾಡಿ ನೋಡಿ. ನಿಜವಾದ ಸೂತ್ರ ಇದಕ್ಕಿಂತ ಜಟಿಲ, ಉದಾಹರಣೆಗೆ ಇಷ್ಟು ಸಾಕು. ಒಬ್ಬ ಅಧಿಕಾರಿಗೆ 12 ವರದಿಯಲ್ಲಿ ಹನ್ನೊಂದು 9, ಒಂದು 7. ಸರಾಸರಿ 8.83. ಇನ್ನೊಬ್ಬರಿಗೆ ಹನ್ನೊಂದು 9, ಒಂದು 8. ಸರಾಸರಿ 8.92. ಬೋರ್ಡಿನ ಗೆರೆ ಈ ಎರಡರ ನಡುವೆ ಬಿದ್ದರೆ ಒಬ್ಬರು ಕರ್ನಲ್, ಇನ್ನೊಬ್ಬರು ಅಲ್ಲೇ. ಆ ಒಂದು 7ನ್ನು ಮುಂದೆ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅಳಿಸುವಂತಿಲ್ಲ, ಏಕೆಂದರೆ 9ರ ಮೇಲೆ ಅಂಕವೇ ಇಲ್ಲ. ಮೇಲೆತ್ತುವ ದಾರಿ ಮುಚ್ಚಿದೆ, ಬೀಳಿಸುವ ದಾರಿ ತೆರೆದಿದೆ.

‘ದೊಡ್ಡವರ ಕೃಪೆ’ ಎಂಬ ನಿಮ್ಮ ಶಂಕೆಗೆ ಉತ್ತರವೂ ಇದರಲ್ಲೇ ಇದೆ. ಕರ್ನಲ್ ಮಟ್ಟದಲ್ಲಿ ಯಾರೋ ಒಬ್ಬ ಜನರಲ್ ಮನಸ್ಸು ಮಾಡಿ ಒಬ್ಬ ದುರ್ಬಲ ಅಧಿಕಾರಿಯನ್ನು ಮೇಲೆತ್ತುವುದು ಬಹಳ ಕಷ್ಟ. ಹತ್ತು ವರ್ಷದ ಬೇರೆ ಬೇರೆ ಸಹಿಗಳನ್ನು ಒಬ್ಬರು ಬದಲಿಸಲಾರರು. ಆದರೆ ಒಬ್ಬ ಒಳ್ಳೆಯ ಅಧಿಕಾರಿಯನ್ನು ಕೆಡವಲು ಒಬ್ಬ ಐಒ, ಒಂದು ವರ್ಷ, ಒಂದು ಅಂಕ ಸಾಕು. ಅದಕ್ಕೆ ದ್ವೇಷವೂ ಬೇಕಿಲ್ಲ. ಅಂಕ ಬಿಗಿ ಹಿಡಿಯುವ ಸ್ವಭಾವದ ನೇರ ಮನುಷ್ಯನ ಕೈಕೆಳಗೆ ಸಿಕ್ಕಿದರೂ ಫಲ ಅದೇ.

ಇದರ ಪರಿಣಾಮ ನಾಯಕತ್ವದ ಮೇಲೇ ಆಗುತ್ತದೆ, ನನಗೆ ಹೆಚ್ಚು ಕಳವಳ ತರುವ ಸಂಗತಿ ಅದು. ಬೀಳುವುದೇ ಸುಲಭ ಎಂದಾದಾಗ ಬುದ್ಧಿವಂತ ಅಧಿಕಾರಿ ಬೀಳದಂತೆ ನಡೆಯಲು ಕಲಿಯುತ್ತಾನೆ. ರಾತ್ರಿ ಹೊತ್ತು ನಿಜವಾದ ಸ್ಫೋಟಕ ಬಳಸಿ ಮೈನ್‌ಫೀಲ್ಡ್ ದಾಟುವ ಅಭ್ಯಾಸ ಮಾಡಿಸಿದರೆ ಯಾರಿಗಾದರೂ ಪೆಟ್ಟಾಗಬಹುದು, ಪೆಟ್ಟಾದರೆ ಕೋರ್ಟ್ ಆಫ್ ಎನ್‌ಕ್ವೈರಿ ಅಂದರೆ ಸೇನೆಯ ಒಳ ವಿಚಾರಣೆ, ಅದರ ನೆರಳು ಸಿಆರ್ ಮೇಲೆ. ಹಗಲಲ್ಲಿ, ಸುಣ್ಣದ ಗೆರೆ ಎಳೆದು ಮಾಡಿಸಿದರೆ ಏನೂ ಆಗುವುದಿಲ್ಲ, ವರದಿ ಶುಭ್ರ. ಸೇನೆಯೊಳಗೇ ಇದಕ್ಕೆ ‘ಝೀರೋ ಎರರ್ ಸಿಂಡ್ರೋಮ್’ ಎಂಬ ಹೆಸರಿದೆ. ಜವಾನರು ನಂಬುವುದು ಮೊದಲನೆಯ ಬಗೆಯವರನ್ನು, ಏಕೆಂದರೆ ತಮ್ಮ ಜೀವ ಉಳಿಸುವ ತರಬೇತಿ ಯಾವುದು ಎಂದು ಅವರಿಗೆ ಗೊತ್ತು. ಕಡತಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹೆಡ್‌ಕ್ವಾರ್ಟರ್ಸ್‌ನ ಗೆಳೆಯನ ವಿಷಯ ಅರ್ಧ ನಿಜ. ಕಂಪನಿ ಮಟ್ಟದ ಹುದ್ದೆಯನ್ನು ನಿಗದಿತ ಕಾಲ ನಿಭಾಯಿಸಿ, ಅಲ್ಲಿ ಸಿಆರ್ ಪಡೆಯದೆ ಯಾರೂ ಬೋರ್ಡ್‌ಗೆ ಬರುವಂತಿಲ್ಲ. ಅವುಗಳನ್ನು ಕ್ರೈಟೀರಿಯಾ ರಿಪೋರ್ಟ್ ಎನ್ನುತ್ತಾರೆ. ಹಾಗಾಗಿ ಬರೀ ಮೇಜಿನ ಹಿಂದೆ ಕೂತು ಕರ್ನಲ್ ಆದರು ಎಂಬುದು ಸುಳ್ಳು. ಆದರೆ ಸ್ಟಾಫ್ ಹುದ್ದೆಯಲ್ಲಿರುವವನ ಕೆಲಸ ದಿನವೂ ಹಿರಿಯರ ಮೇಜಿನ ಮೇಲೆ ಇರುತ್ತದೆ. ಒಳ್ಳೆಯ ಬ್ರೀಫಿಂಗ್, ತಪ್ಪಿಲ್ಲದ ಕಾಗದ, ಹೇಳಿದ ಹೊತ್ತಿಗೆ ಉತ್ತರ. ಗಡಿಯ ತುದಿಯಲ್ಲಿ ಸೇತುವೆ ಕಟ್ಟಿಸುವವನನ್ನು ರಿವ್ಯೂಯಿಂಗ್ ಆಫೀಸರ್ ವರ್ಷಕ್ಕೆ ಎರಡೋ ಮೂರೋ ಸಲ ನೋಡಿರುತ್ತಾರೆ. ವೆಲ್ಲಿಂಗ್ಟನ್‌ನ ಸ್ಟಾಫ್ ಕಾಲೇಜಿಗೆ ಸ್ಪರ್ಧಾ ಪರೀಕ್ಷೆ ಬರೆದು ಹೋದವರಿಗೆ ಇಂಥ ಹುದ್ದೆಗಳು ಹೆಚ್ಚು ಸಿಗುತ್ತವೆ.

ಆದರೆ ನಿಮ್ಮ ಮಗನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇರೆ ಇರಬಹುದು. ಆ ಗೆಳೆಯ ಅವರ ಪ್ರತಿಸ್ಪರ್ಧಿಯೇ ಅಲ್ಲ. ಕರ್ನಲ್ ಹುದ್ದೆಗಳು ದಳವಾರು ಹಂಚಿಕೆಯಾಗುತ್ತವೆ. ಎಂಜಿನಿಯರ್ಸ್‌ನವರು ಎಂಜಿನಿಯರ್ಸ್‌ನವರ ಜೊತೆ ಮಾತ್ರ ಸ್ಪರ್ಧಿಸುತ್ತಾರೆ, ಇನ್‌ಫೆಂಟ್ರಿ ಇನ್‌ಫೆಂಟ್ರಿಯ ಜೊತೆ. ಕಾರ್ಗಿಲ್ ಯುದ್ಧದ ನಂತರ ಕಮಾಂಡಿಂಗ್ ಆಫೀಸರ್‌ಗಳ ವಯಸ್ಸು ಇಳಿಯಬೇಕು ಎಂಬ ತೀರ್ಮಾನವಾಯಿತು. ಅದಕ್ಕೆಂದು ಸೃಷ್ಟಿಯಾದ ಹೊಸ ಹುದ್ದೆಗಳನ್ನು 2009ರಲ್ಲಿ ‘ಕಮಾಂಡ್ ಎಕ್ಸಿಟ್’ ಎಂಬ ಸೂತ್ರದಿಂದ ಹಂಚಿದರು. ಇನ್‌ಫೆಂಟ್ರಿಯಲ್ಲಿ ಪಲ್ಟನ್ ಕಮಾಂಡ್ ಅವಧಿ ಎರಡೂವರೆ ವರ್ಷ, ಇತರ ಕೆಲವು ದಳಗಳಲ್ಲಿ ಅದಕ್ಕಿಂತ ಹೆಚ್ಚು. ಅವಧಿ ಚಿಕ್ಕದಾದರೆ ಕುರ್ಚಿ ಬೇಗ ಖಾಲಿಯಾಗುತ್ತದೆ. ಒಂದು ದಳದಲ್ಲಿ 100 ಪಲ್ಟನ್ ಇದ್ದು ಅವಧಿ ಎರಡೂವರೆ ವರ್ಷವಾದರೆ ವರ್ಷಕ್ಕೆ 40 ಜಾಗ ತೆರವು, ಅವಧಿ 4 ವರ್ಷವಾದರೆ 25. ಇದು ನ್ಯಾಯವಲ್ಲ ಎಂದು ಅಧಿಕಾರಿಗಳು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು. 2015ರ ಮಾರ್ಚ್‌ನಲ್ಲಿ ಮಂಡಳಿ ನೀತಿಯನ್ನು ರದ್ದು ಮಾಡಿತು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನೀತಿಯನ್ನು ಎತ್ತಿಹಿಡಿಯಿತು, ಜೊತೆಗೆ ಎಂಜಿನಿಯರ್ಸ್, ಸಿಗ್ನಲ್ಸ್‌ನಂಥ ಯುದ್ಧ ಬೆಂಬಲ ದಳಗಳಿಗೆ 141 ಹೆಚ್ಚುವರಿ ಹುದ್ದೆ ಕೊಡುವಂತೆ ಹೇಳಿತು. ಸೇನೆಯ ವಾದದಲ್ಲೂ ಹುರುಳಿದೆ: ಬೆಟ್ಟ ಹತ್ತಿ ಹೊಡೆದಾಡುವ ಪಲ್ಟನ್‌ಗೆ ಚಿಕ್ಕ ವಯಸ್ಸಿನ ಕಮಾಂಡರ್ ಬೇಕು. ಆದರೆ ಒಂದೇ ದಿನ ಅಕಾಡೆಮಿಯಿಂದ ಹೊರಬಂದ ಇಬ್ಬರಲ್ಲಿ ಒಬ್ಬನಿಗೆ ಬಾಗಿಲು ಅಗಲ, ಇನ್ನೊಬ್ಬನಿಗೆ ಕಿರಿದು ಎಂಬುದಕ್ಕೂ ಅವರ ನಾಯಕತ್ವಕ್ಕೂ ಸಂಬಂಧವಿಲ್ಲ. ಗೆಳೆಯನ ಜೊತೆ ಹೋಲಿಸಿ ಮಗ ಕೊರಗುತ್ತಿದ್ದರೆ ದಯವಿಟ್ಟು ಇದನ್ನು ತಿಳಿಸಿ.

ಇಷ್ಟೆಲ್ಲ ದೋಷವಿದ್ದೂ ಅಂಕ ಪದ್ಧತಿಯನ್ನು ನಾನು ತೆಗೆದುಹಾಕಿ ಎನ್ನುವುದಿಲ್ಲ. ಅಂಕಗಳಿಲ್ಲದೆ, ಅಧಿಕಾರದಲ್ಲಿರುವವರ ಮೆಚ್ಚುಗೆಯಿಂದ ಬಡ್ತಿ ಆದಾಗ ಏನಾಯಿತು ಎಂಬುದನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. 1959ರಲ್ಲಿ ಜನರಲ್ ತಿಮ್ಮಯ್ಯನವರು ರಾಜೀನಾಮೆ ಬರೆದು ಕೊಟ್ಟಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಇದ್ದ ಜಗಳದ ಒಂದು ಎಳೆ ಹಿರಿಯ ಹುದ್ದೆಗಳ ಬಡ್ತಿಯೇ ಆಗಿತ್ತು. ನೆಹರೂ ಮಾತಿಗೆ ಅವರು ರಾಜೀನಾಮೆ ವಾಪಸು ಪಡೆದರು. ಆಗ ಮೇಲೇರಿದ ಬಿ.ಎಂ. ಕೌಲ್ ಅವರಿಗೆ ಯುದ್ಧಭೂಮಿಯಲ್ಲಿ ಸೈನ್ಯ ನಡೆಸಿದ ಅನುಭವ ತೀರ ಕಡಿಮೆ. 1962ರ ಅಕ್ಟೋಬರ್‌ನಲ್ಲಿ ನೇಫಾ (ಇಂದಿನ ಅರುಣಾಚಲ ಪ್ರದೇಶ) ಗಡಿಯ 4ನೇ ಕೋರ್ ಅವರ ಕೈಗೆ ಹೋಯಿತು, ಚೀನಾದ ಎದುರು ಮುಂದೆ ಆದದ್ದು ಗೊತ್ತೇ ಇದೆ. ಅದೇ ವರ್ಷ ಸ್ಯಾಮ್ ಮಾಣೆಕ್‌ಶಾ ವಿಚಾರಣೆ ಎದುರಿಸಿ ನಿರ್ದೋಷಿ ಎನಿಸಿಕೊಂಡಿದ್ದರು. ಕೌಲ್ ಬಿಟ್ಟುಹೋದ ಕೋರ್ ಅನ್ನು ಎತ್ತಿ ನಿಲ್ಲಿಸಲು ಕರೆದದ್ದು ಅವರನ್ನೇ. ಒಂದೇ ಕುರ್ಚಿ, ಒಂದೇ ವರ್ಷ, ಇಬ್ಬರು ಮನುಷ್ಯರು. ಕಡತವೇ ಮಾತಾಡಲಿ, ಮನುಷ್ಯರ ಮೆಚ್ಚುಗೆ ಬೇಡ ಎಂಬ ಇಂದಿನ ವ್ಯವಸ್ಥೆಯ ಬಯಕೆ ನನಗೆ ಅರ್ಥವಾಗುವುದು ಇಂಥದ್ದನ್ನು ನೆನೆದಾಗ. ಅತ್ಯುನ್ನತ ಹುದ್ದೆಗಳಲ್ಲಿ ಸರ್ಕಾರದ ಆಯ್ಕೆ ಈಗಲೂ ಇದೆ. 2016ರಲ್ಲಿ ಇಬ್ಬರು ಹಿರಿಯರನ್ನು ದಾಟಿ ಬಿಪಿನ್ ರಾವತ್ ಅವರನ್ನು ಮುಖ್ಯಸ್ಥರನ್ನಾಗಿ ಆರಿಸಿದ್ದು ಹಾಗೆಯೇ. ಅದು ಸರ್ಕಾರದ ಅಧಿಕಾರ, ನಂಬರ್ 3 ಬೋರ್ಡ್‌ನ ಜಗತ್ತೇ ಬೇರೆ.

ಕಡತ ಮಾತಾಡುತ್ತದೆ ಎಂದು ನಂಬುವವರು ಇನ್ನೊಂದು ತೀರ್ಪನ್ನೂ ನೋಡಬೇಕು. ಮಹಿಳಾ ಅಧಿಕಾರಿಗಳಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಕಾಯಂ ಸೇವೆ, ಕೊಡುವಾಗ ಸೇನೆ ಅವರ ಹಳೆಯ ಸಿಆರ್‌ಗಳನ್ನು ತೂಗಿತು. ಆ ಸಿಆರ್‌ಗಳು ಬರೆದ ಕಾಲದಲ್ಲಿ ಅವರಿಗೆ ಮುಂದಿನ ದಾರಿಯೇ ಇರಲಿಲ್ಲ, ಹಾಗಾಗಿ ಬರೆದವರು ಹಗುರವಾಗಿ ಬರೆದಿದ್ದರು. ನಿತಿಶಾ ಪ್ರಕರಣದಲ್ಲಿ 2021ರ ಮಾರ್ಚ್ 25ರಂದು ಸುಪ್ರೀಂ ಕೋರ್ಟ್ ಇದನ್ನು ಪರೋಕ್ಷ ತಾರತಮ್ಯ ಎಂದಿತು. ಅಂಕ ಎಷ್ಟು ಎಂಬುದರ ಜೊತೆಗೆ, ಬರೆಯುವಾಗ ಆ ಕೈಗೆ ಅದು ಎಷ್ಟು ಮುಖ್ಯ ಅನಿಸಿತ್ತು ಎಂಬುದನ್ನೂ ಕೇಳಬೇಕು ಎಂಬುದು ನನಗೆ ಆ ತೀರ್ಪಿನಲ್ಲಿ ಕಾಣುವ ಪಾಠ.

ಕೆಳಗಿನವರ ಅಭಿಪ್ರಾಯ ಪಡೆಯುವುದು ಅಸಾಧ್ಯವೇನಲ್ಲ. ಅಮೆರಿಕದ ಸೇನೆ 2020ರಲ್ಲಿ ಬೆಟಾಲಿಯನ್ ಕಮಾಂಡರ್‌ಗಳ ಆಯ್ಕೆಗೆ ಫೋರ್ಟ್ ನಾಕ್ಸ್‌ನಲ್ಲಿ ಕೆಲವು ದಿನಗಳ ಪರೀಕ್ಷಾ ಶಿಬಿರ ನಡೆಸಿತು. ದೈಹಿಕ ಪರೀಕ್ಷೆ, ಬರವಣಿಗೆ, ಮನಶ್ಶಾಸ್ತ್ರಜ್ಞರ ಸಂದರ್ಶನ, ಅಭ್ಯರ್ಥಿ ಮತ್ತು ಸಂದರ್ಶಕರು ಒಬ್ಬರನ್ನೊಬ್ಬರು ನೋಡದಂತೆ ನಡುವೆ ಪರದೆ. ಇವುಗಳ ಜೊತೆ ಆ ಅಧಿಕಾರಿಯ ಹಳೆಯ ಸಹೋದ್ಯೋಗಿಗಳನ್ನೂ ಕೈಕೆಳಗಿನವರನ್ನೂ ಗುಪ್ತವಾಗಿ ಕೇಳಿದರು. ನಮ್ಮಲ್ಲಿ ಇದಕ್ಕೆ ಇರುವ ಆಕ್ಷೇಪ, ಜನಪ್ರಿಯತೆಗಾಗಿ ಶಿಸ್ತು ಸಡಿಲವಾಗುತ್ತದೆ ಎಂಬುದು. ಪೂರ್ತಿ ಅಂಕವನ್ನು ಜವಾನರ ಕೈಗೆ ಕೊಟ್ಟರೆ ಹಾಗಾಗಬಹುದು. ಐದೋ ಹತ್ತೋ ಅಂಕದಷ್ಟು, ಅಥವಾ ಬರೀ ಎಚ್ಚರಿಕೆಯ ಗುರುತಾಗಿ ಬಳಸಿದರೆ ಶಿಸ್ತು ಕೆಡುತ್ತದೆಂದು ನನಗೆ ಅನಿಸುವುದಿಲ್ಲ. ಕಂಪನಿಯ ಸೀನಿಯರ್ ಜೆಸಿಒಗೆ, ಅಂದರೆ ಸುಬೇದಾರರಂಥವರಿಗೆ, ಯಾವ ಮೇಜರ್ ಸಿಹಿ ಮಾತಿನವನು, ಯಾವ ಮೇಜರ್ ಜೊತೆ ನಿಲ್ಲುವವನು ಎಂಬ ವ್ಯತ್ಯಾಸ ಚೆನ್ನಾಗಿಯೇ ತಿಳಿದಿರುತ್ತದೆ.

ಇನ್ನು ನಿಮ್ಮ ಮಗನ ಮುಂದಿರುವ ದಾರಿಗಳು.

ಬೋರ್ಡ್ ಇನ್ನೂ ಮುಗಿದಿಲ್ಲ. ಒಬ್ಬ ಅಧಿಕಾರಿಗೆ ಮೂರು ಅವಕಾಶ: ಫ್ರೆಶ್, ಫಸ್ಟ್ ರಿವ್ಯೂ, ಫೈನಲ್ ರಿವ್ಯೂ. ಅವರದ್ದು ಆದದ್ದು ಮೊದಲನೆಯದು. ಫಸ್ಟ್ ರಿವ್ಯೂನಲ್ಲಿ ಆದರೆ ಹಿರಿತನದಲ್ಲಿ ಒಂದು ವರ್ಷ ಹೋಗುತ್ತದೆ, ಫೈನಲ್‌ನಲ್ಲಿ ಆದರೆ ಎರಡು. ಮೂರೂ ಮುಗಿದ ಮೇಲೆಯೇ ‘ಸೂಪರ್‌ಸೀಡೆಡ್’ ಎಂಬ ಮಾತು. ಸುಮ್ಮನೆ ಕಾದರೆ ಹಳೆಯ ಕಡತವೇ ಮತ್ತೆ ಹೋಗುತ್ತದೆ, ಅದರಲ್ಲಿ ಏನಾದರೂ ಬದಲಾದರೆ ಮಾತ್ರ ಫಲಿತಾಂಶ ಬದಲಾಗುವ ಆಸೆ ಇಟ್ಟುಕೊಳ್ಳಬಹುದು.

ಕಡತವನ್ನು ಬದಲಿಸುವ ದಾರಿ ದೂರು. ಮೊದಲನೆಯದು ನಾನ್-ಸ್ಟ್ಯಾಚುಟರಿ ಕಂಪ್ಲೇಂಟ್, ಅದು ಸೇನೆಯೊಳಗೇ ತೀರ್ಮಾನವಾಗುತ್ತದೆ. ಎರಡನೆಯದು ಸೇನಾ ಕಾಯ್ದೆ 1950ರ 27ನೇ ಸೆಕ್ಷನ್ ಅಡಿ ಕೇಂದ್ರ ಸರ್ಕಾರಕ್ಕೆ ಕೊಡುವ ಸ್ಟ್ಯಾಚುಟರಿ ಕಂಪ್ಲೇಂಟ್. ಇಲ್ಲಿ ಒಂದು ತೊಡಕು ಇದೆ. ಅಧಿಕಾರಿಗೆ ತೋರಿಸಿ ಸಹಿ ಪಡೆಯುವುದು ಐಒ ಬರೆದ ಭಾಗವನ್ನು, ಮೇಲಿನವರ ಅಂಕ ಕಾಣುವುದಿಲ್ಲ. ಸರ್ಕಾರಿ ನೌಕರರಿಗೆ ಪ್ರತಿ ನಮೂದನ್ನೂ ತಿಳಿಸಬೇಕು ಎಂದು 2008ರ ದೇವ್ ದತ್ ತೀರ್ಪಿನಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಸೇನಾಧಿಕಾರಿಗಳಿಗೆ ಅದು ಅನ್ವಯಿಸುವುದಿಲ್ಲ ಎಂದೂ ಅದರಲ್ಲೇ ಹೇಳಿದೆ. ಹಾಗಾಗಿ ದೂರನ್ನು ಅರ್ಧ ಕತ್ತಲಲ್ಲೇ ಬರೆಯಬೇಕು. ಲೆಕ್ಕಕ್ಕೆ ಬಂದ ಎಲ್ಲ ಸಿಆರ್‌ಗಳನ್ನೂ ಪರಿಶೀಲಿಸಿ, ಉಳಿದವುಗಳಿಗೆ ಹೊಂದದ ಅಂಕ ಇದ್ದರೆ ತೆಗೆದುಹಾಕಿ ಎಂದು ಕೇಳುವುದು ರೂಢಿ.

ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ? 90 ದಿನ ತುಂಬದೆ ಬರೆದ ಐಒ, 75 ದಿನ ತುಂಬದ ರಿವ್ಯೂಯಿಂಗ್ ಆಫೀಸರ್, ಸರಪಣಿಯಲ್ಲಿ ಇಲ್ಲದವರ ಸಹಿ, ತಿಳಿಸದೆ ಬರೆದ ಪ್ರತಿಕೂಲ ಮಾತು: ಇವು ತಾಂತ್ರಿಕ ದೋಷಗಳು, ಇವು ನಿಲ್ಲುತ್ತವೆ. ಮೊದಲೂ ಆಮೇಲೂ 9 ಬಂದು ನಡುವೆ ಒಂದೇ ವರ್ಷ ದಿಢೀರನೆ ಕುಸಿದಿದ್ದು, ಆ ವರ್ಷ ಎಚ್ಚರಿಕೆಯ ಪತ್ರವಾಗಲಿ ಸಲಹೆಯಾಗಲಿ ಕೊಟ್ಟಿಲ್ಲದಿದ್ದರೆ ಅಸಂಗತ ಎಂಬ ವಾದಕ್ಕೆ ಬಲ ಬರುತ್ತದೆ. ಪೆನ್ ಪಿಕ್ಚರ್‌ನಲ್ಲಿ ಹೊಗಳಿ ಅಂಕದಲ್ಲಿ ಇಳಿಸಿದ್ದರೂ ಅಷ್ಟೇ. ‘ನಾನು ಅವನಿಗಿಂತ ಉತ್ತಮ’, ‘ಜವಾನರು ನನ್ನ ಪರ’ ಎಂಬುದು ನಿಲ್ಲುವುದಿಲ್ಲ, ಎಷ್ಟೇ ನಿಜವಾಗಿದ್ದರೂ. ಮಗ ಈಗಲೇ ಕೂತು ಪ್ರತಿ ಸಿಆರ್ ಅವಧಿಗೆ ಒಂದು ಸಾಲು ಬರೆಯಲಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಐಒ ಯಾರು, ಎಷ್ಟು ದಿನ ರಜೆ ಮತ್ತು ಕೋರ್ಸ್‌ನಲ್ಲಿ ಹೋಯಿತು, ತೋರಿಸಿದ ಭಾಗದಲ್ಲಿ ಏನಿತ್ತು. ರಜೆ, ಕೋರ್ಸ್, ವರ್ಗಾವಣೆ ದಾಖಲಾಗುವ ಪಾರ್ಟ್ 2 ಆರ್ಡರ್‌ಗಳ ಜೊತೆ ತಾಳೆ ನೋಡಿದಾಗ 90 ದಿನದ ಲೆಕ್ಕ ತಪ್ಪಿದ್ದು ಎಷ್ಟೋ ಸಲ ಆಗಲೇ ಕಣ್ಣಿಗೆ ಬೀಳುತ್ತದೆ.

ಒಂದು ಎಚ್ಚರಿಕೆ. ಇಡೀ ಸಿಆರ್ ತೆಗೆಯಿರಿ ಎಂದು ಕೇಳಿದರೆ ಅದರಲ್ಲಿದ್ದ ಇತರರ ಒಳ್ಳೆಯ ಅಂಕವೂ ಹೋಗಬಹುದು, ಅದು ಕ್ರೈಟೀರಿಯಾ ರಿಪೋರ್ಟ್ ಆಗಿದ್ದರೆ ಅರ್ಹತೆಯ ಅವಧಿಯೇ ಕಡಿಮೆ ಬೀಳಬಹುದು. ಯಾರ ಅಂಕ ಯಾವ ಕಾಲಂನಲ್ಲಿ ಎಂದು ಗುರಿ ಇಟ್ಟು ಕೇಳುವುದು ಮೇಲು. ಸೇನಾ ಸೇವಾ ವಿಷಯ ಬಲ್ಲ ವಕೀಲರಿಗೆ ತೋರಿಸದೆ ಕಳುಹಿಸಬೇಡಿ. ಪರಿಹಾರ ಸಿಕ್ಕಿದರೆ ಬದಲಾದ ಕಡತದೊಂದಿಗೆ ವಿಶೇಷ ಪರಿಶೀಲನೆ ಆಗುತ್ತದೆ, ಅದರಲ್ಲಿ ಆಯ್ಕೆಯಾದರೆ ಮೂಲ ಹಿರಿತನ ಉಳಿಯುತ್ತದೆ. ಒಂದು ಅಂಕ ತೆಗೆದ ಮೇಲೂ ಗೆರೆ ದಾಟದೆ ಇರಬಹುದು, ಅದಕ್ಕೂ ಮನಸ್ಸು ಸಿದ್ಧವಿರಲಿ.

ಕೋರ್ಟು ಆಮೇಲಿನ ಮಾತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2007ರ ಕಾಯ್ದೆಯಿಂದ ಬಂದದ್ದು. ದೂರಿನ ದಾರಿ ಮುಗಿಸದೆ ಅಲ್ಲಿಗೆ ಹೋಗುವಂತಿಲ್ಲ. ದೂರಿಗೆ ಅಂತಿಮ ಆದೇಶ ಬಂದರೆ ಅಂದಿನಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ದೂರು ಕೊಟ್ಟು 6 ತಿಂಗಳಾದರೂ ಉತ್ತರವಿಲ್ಲದಿದ್ದರೆ ಕಾದದ್ದು ಸಾಕು ಎಂದು ಲೆಕ್ಕ, ಅಲ್ಲಿಂದ ಮುಂದಿನ 6 ತಿಂಗಳು ಗಡುವು. ಮಂಡಳಿ ನಿಮ್ಮ ಮಗನನ್ನು ಕರ್ನಲ್ ಮಾಡುವುದಿಲ್ಲ. ತಪ್ಪು ಕಂಡರೆ ಮತ್ತೆ ಪರಿಶೀಲಿಸಿ ಎನ್ನುತ್ತದೆ. ಬೋರ್ಡಿನ ಜಾಗದಲ್ಲಿ ತಾನು ಕೂತು ತೂಗಲು ಒಪ್ಪುವುದಿಲ್ಲ. ದೂರು ಕೊಟ್ಟರೆ ಹೆಸರು ಕೆಡುತ್ತದೆ ಎಂಬ ಹೆದರಿಕೆ ಮೆಸ್‌ಗಳಲ್ಲಿ ಇದೆ. ಅದು ಕಾನೂನು ಕೊಟ್ಟ ಹಕ್ಕು. ಭಾಷೆ ಸಭ್ಯವಾಗಿದ್ದು, ವ್ಯಕ್ತಿನಿಂದೆ ಇಲ್ಲದೆ, ದಿನಾಂಕ ಸಮೇತ ಬರೆದ ದೂರಿಗೆ ಹೆದರಬೇಕಾದ್ದಿಲ್ಲ.

ಬಿಟ್ಟು ಬರುವ ಮಾತಿಗೆ ಬರೋಣ. ಇಲ್ಲಿ ಆತುರ ಬೇಡವೇ ಬೇಡ. ಅಧಿಕಾರಿಗಳ ಪಿಂಚಣಿಗೆ 20 ವರ್ಷದ ಅರ್ಹ ಸೇವೆ ಬೇಕು. 17ರಲ್ಲಿ ಸ್ವಂತ ಕೋರಿಕೆಯಿಂದ ಹೊರಬಂದರೆ ಗ್ರ್ಯಾಚುಟಿ ಸಿಗಬಹುದು, ಜೀವನಪೂರ್ತಿ ಬರುವ ಸೇವಾ ಪಿಂಚಣಿ ಹೋಗುತ್ತದೆ. ಅವಧಿಗೆ ಮುನ್ನ ಸ್ವಇಚ್ಛೆಯಿಂದ ನಿವೃತ್ತರಾಗುವವರನ್ನು ‘ಒಂದು ಶ್ರೇಣಿ, ಒಂದು ಪಿಂಚಣಿ’ಯಿಂದ ಹೊರಗಿಡುವುದಾಗಿ ಸರ್ಕಾರದ 2015ರ ಆದೇಶ ಹೇಳಿದೆ, ಅದರ ಮೇಲೆ ವ್ಯಾಜ್ಯಗಳು ನಡೆದಿವೆ. ಉಳಿದರೆ 26 ವರ್ಷಕ್ಕೆ ಟೈಮ್ ಸ್ಕೇಲ್ ಕರ್ನಲ್ ಆಗುತ್ತಾರೆ. ಭುಜದ ಮೇಲೆ ಅದೇ ಚಿಹ್ನೆ, ಅದೇ ವೇತನ ಶ್ರೇಣಿ, ಪಲ್ಟನ್‌ನ ಕಮಾಂಡ್ ಮಾತ್ರ ಇಲ್ಲ. ನಿವೃತ್ತಿ 54ಕ್ಕೆ. ಕಮಾಂಡ್ ಮಾಡಬೇಕು ಎಂದೇ ಸೇನೆಗೆ ಹೋದವರಿಗೆ ಆ ಕೊರತೆ ಸಣ್ಣದಲ್ಲ, ಸಂಬಳದ ಮಾತಿನಿಂದ ಅದನ್ನು ಮುಚ್ಚಲು ಹೋಗಬೇಡಿ. ಆದರೆ ಮೂರು ವರ್ಷ ಕಾದು 20 ತುಂಬಿಸಿಕೊಂಡು, ರಿವ್ಯೂಗಳ ಫಲ ನೋಡಿ, ಆಮೇಲೆ ನಿರ್ಧರಿಸಿದರೆ ಕೈಯಲ್ಲಿ ಎಲ್ಲ ಆಯ್ಕೆಗಳೂ ಇರುತ್ತವೆ. ಎಂಜಿನಿಯರ್ಸ್‌ನವರಿಗೆ ಹೊರಗೆ ಕೆಲಸಕ್ಕೆ ಬರವೂ ಇಲ್ಲ.

ಮೊಮ್ಮಗನ ವಿಷಯ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಲಿಖಿತ ಪರೀಕ್ಷೆ ಪಾಸಾದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ, ಅಂದರೆ ಎಸ್‌ಎಸ್‌ಬಿಯ, ಸಂದರ್ಶನಕ್ಕೆ ಐದು ದಿನ. ಅಲ್ಲಿ 15 ಗುಣಗಳನ್ನು ಮೂರು ಕಡೆಯಿಂದ ನೋಡುತ್ತಾರೆ: ಮನಶ್ಶಾಸ್ತ್ರಜ್ಞರು, ಸಂದರ್ಶಕರು, ಮೈದಾನದಲ್ಲಿ ಗುಂಪಿನ ಕೆಲಸ ಮಾಡಿಸುವ ಜಿಟಿಒ. ಹಲಗೆ, ಹಗ್ಗ, ಡ್ರಮ್ ಕೊಟ್ಟು ಅಡೆತಡೆ ದಾಟಿ ಎಂದಾಗ ಯಾರ ಮಾತನ್ನು ಉಳಿದ ಹುಡುಗರು ತಾವಾಗಿ ಕೇಳುತ್ತಾರೆ ಎಂದು ಜಿಟಿಒ ದೂರದಲ್ಲಿ ನಿಂತು ಗಮನಿಸುತ್ತಾರೆ. ಹದಿನೇಳರ ಹುಡುಗನ ನಾಯಕತ್ವವನ್ನು ಹೀಗೆ ಜೊತೆಯವರ ನಡುವೆ ಇಟ್ಟು ನೋಡುವ ಸೇನೆ, ಹದಿನೇಳು ವರ್ಷ ಸೇವೆ ಮಾಡಿದವನನ್ನು ಅಳೆಯುವಾಗ ಅವನ ಜೊತೆಯವರನ್ನೂ ಕೈಕೆಳಗಿನವರನ್ನೂ ಕೇಳುವುದಿಲ್ಲ. ಇದು ಬದಲಾಗಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. 2025ರಲ್ಲಿ ಲೆಫ್ಟಿನೆಂಟ್ ಜನರಲ್‌ಗಳಿಗೂ 1ರಿಂದ 9ರ ಅಂಕದ ವರದಿ ಬಂತು, ಕೈಕೆಳಗಿನವರ ಮಾತಿಗೆ ಜಾಗ ಅದರಲ್ಲೂ ಇಲ್ಲ. ಹುಡುಗನಿಗೆ ಆಸೆ ಇದ್ದರೆ ಹೋಗಲಿ. ಲೆಫ್ಟಿನೆಂಟ್ ಕರ್ನಲ್‌ವರೆಗಿನ ದಾರಿ ಖಚಿತ, ಜವಾನರ ಜೊತೆ ನೇರವಾಗಿ ಬದುಕುವ ವರ್ಷಗಳೂ ಅವೇ. ಕರ್ನಲ್ ಹುದ್ದೆ ಖಚಿತವಲ್ಲ ಎಂಬುದನ್ನು ಮಾತ್ರ ಮುಂಚೆಯೇ ಹೇಳಿಡಿ. ಅಪ್ಪನ ಕಥೆ ಕಣ್ಣೆದುರು ಇರುವುದರಿಂದ ಅವನಿಗೆ ಬೇಗ ತಿಳಿಯುತ್ತದೆ.

ಇಂದು ಸಂಜೆ ಮಗ ಫೋನ್ ಮಾಡಿದಾಗ ಎರಡು ತಾರೀಖು ಕೇಳಿ ಬರೆದಿಟ್ಟುಕೊಳ್ಳಿ: ಬೋರ್ಡ್ ಫಲಿತಾಂಶ ಅವರ ಕೈಗೆ ಬಂದ ದಿನ, ಮತ್ತು 20 ವರ್ಷದ ಅರ್ಹ ಸೇವೆ ತುಂಬುವ ದಿನ. ಮೊದಲನೆಯದರಿಂದ ದೂರಿನ ಕೆಲಸ ಶುರು. ಎರಡನೆಯದು ಬರುವವರೆಗೆ ರಾಜೀನಾಮೆಯ ಕಾಗದ ಮೇಜಿನ ಮೇಲೆ ಬರಕೂಡದು.